ಹನ್ನೊಂದನೆಯ ಬಿಲ್ಲೆ

ಟಕ್.

ಅಷ್ಟೇ ಶಬ್ದ. ಉಗುರಿನಿಂದ ಗಾಜಿಗೆ ತಟ್ಟಿದಷ್ಟು. ರಾತ್ರಿ ಎರಡು ಗಂಟೆ ಹತ್ತು ನಿಮಿಷಕ್ಕೆ, ಆರನೇ ಮಹಡಿಯ ಮೈಕಿನಿಂದ ಕೇಳಿಬಂತು.

ಬೇರೆ ಯಾರಾದರೂ ಆಗಿದ್ದರೆ ಇಲಿ ಇರಬೇಕು ಅಂದುಕೊಂಡು ಸುಮ್ಮನಾಗುತ್ತಿದ್ದರು. ಅವಳು ಸುಮ್ಮನಾಗುವವಳಲ್ಲ. ಹನ್ನೊಂದು ಮಹಡಿಯ ಆ ಕಚೇರಿ ಕಟ್ಟಡದ ನಿಗಾ ಕೊಠಡಿಯಲ್ಲಿ, ಹದಿನಾರು ಪರದೆಗಳ ಮುಂದೆ, ಮೂರು ವರ್ಷದಿಂದ ರಾತ್ರಿ ಪಾಳಿ ಮಾಡುತ್ತಿದ್ದಳು. ಇಲಿಯ ಸದ್ದು ಬೇರೆ, ಬೀಗದ ನಾಲಿಗೆ ಹಿಂದೆ ಸರಿಯುವ ಸದ್ದು ಬೇರೆ ಎಂದು ಅವಳ ಕಿವಿಗೆ ಗೊತ್ತಿತ್ತು.

ಮೊದಲು ಗಸ್ತಿನ ದಾಖಲೆ ನೋಡಿದಳು. ಪ್ರತಿ ಮಹಡಿಯ ಗೋಡೆಗೂ ಒಂದು ಪುಟ್ಟ ಲೋಹದ ಬಿಲ್ಲೆ. ಗಸ್ತಿನ ಗಾರ್ಡ್ ನಡೆದು ಹೋಗಿ ಕೈಯಲ್ಲಿರುವ ಯಂತ್ರವನ್ನು ಅದಕ್ಕೆ ಮುಟ್ಟಿಸಿದರೆ ಹೊತ್ತು ಇವಳ ಕಂಪ್ಯೂಟರಿನಲ್ಲಿ ಮೂಡುತ್ತದೆ. ಆರನೇ ಮಹಡಿಯ ಬಿಲ್ಲೆಯನ್ನು ಎರಡು ಗಂಟೆ ಐದು ನಿಮಿಷಕ್ಕೆ ಮುಟ್ಟಲಾಗಿತ್ತು. ಯಾರೂ ಇಲ್ಲ, ಎಲ್ಲ ಸರಿಯಿದೆ ಎಂದೂ ಇತ್ತು.

ಐದು ನಿಮಿಷದ ಹಿಂದೆ ಖಾಲಿಯಿದ್ದ ಮಹಡಿಯಲ್ಲಿ ಈಗ ಬಾಗಿಲು ತೆರೆದವರು ಯಾರು?

ಹದಿನಾಲ್ಕನೇ ಪರದೆಯಲ್ಲಿ ಒಬ್ಬ ಗಂಡಸು ಕಾಣಿಸಿದ. ಸಾಲದ ಕಚೇರಿಯ ಒಳಬಾಗಿಲಿನಿಂದ ಹೊರಬಂದು, ಹೊರಬಾಗಿಲಿನ ಕಡೆ ನಡೆಯುತ್ತಿದ್ದ. ಎರಡೂ ಗಾಜಿನ ಬಾಗಿಲು. ನಡುವೆ ಎಂಟು ಹೆಜ್ಜೆಯ ಓಣಿ.

ಅವಳ ಎರಡು ಬೆರಳು ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದವು. ಮುಂದಿನದೂ ಹಿಂದಿನದೂ ಮುಚ್ಚಿಕೊಂಡವು.

ಮೈಕಿಗೆ ಬಾಗಿದಳು. ದನಿ ಅಲುಗಲಿಲ್ಲ. "ನಿಂತಲ್ಲೇ ನಿಲ್ಲಿ. ಗುರುತಿನ ಚೀಟಿ ಕ್ಯಾಮರಾಗೆ ತೋರಿಸಿ."

ಅವನು ಬೆಚ್ಚಿಬಿದ್ದು ಮೇಲೆ ಕೆಳಗೆ ನೋಡಿದ. "ನಾನು ಇಲ್ಲೇ ಕೆಲಸ ಮಾಡೋದು. ಚೀಟಿ ಒಳಗೆ ಮೇಜಿನ ಮೇಲಿದೆ. ಕುಡಿಯೋಕೆ ನೀರು ತರೋಣ ಅಂತ ಬಂದೆ... ಒಳಬಾಗಿಲು ತೆಗೀರಿ, ತಂದು ತೋರಿಸ್ತೀನಿ."

"ತೆಗೆಯೋಕಾಗಲ್ಲ. ಈ ಹೊತ್ತಲ್ಲಿ ಆ ಮಹಡಿಗೆ ಯಾರಿಗೂ ಅನುಮತಿ ಇಲ್ಲ."

"ಅನುಮತಿ ಪತ್ರ ನಿನ್ನೆಯೇ ಕೊಟ್ಟಿದ್ದೀನಲ್ಲ?"

"ನನ್ನ ಹತ್ತಿರ ಬಂದಿಲ್ಲ."

ಅವನು ಬೈಯಬಹುದೆಂದು ಕಾದಳು. ಬೈಯಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟ. ಖಾಲಿ ಬಾಟಲಿಯನ್ನು ಪಕ್ಕಕ್ಕಿಟ್ಟುಕೊಂಡು, ಕ್ಯಾಮರಾದತ್ತ ನೋಡಿ ಹೇಳಿದ, "ನಿಮ್ಮ ಕೆಲಸ ನೀವು ಮಾಡಿ. ನನಗೇನೂ ಅರ್ಜೆಂಟ್ ಇಲ್ಲ. ಬಾಯಾರಿಕೆ ಒಂದಿದೆ ಅಷ್ಟೇ."

ಅವನ ಮೇಲಧಿಕಾರಿ ನಿದ್ದೆಯಿಂದೆದ್ದು ಫೋನಿನಲ್ಲಿ ಹೌದು, ಅವನು ನಮ್ಮವನೇ ಎಂದು ಗೊಣಗುವ ಹೊತ್ತಿಗೆ ಮೂವತ್ತೆಂಟು ನಿಮಿಷ ಕಳೆದಿತ್ತು. ಹಗಲು ಪಾಳಿಯವರ ಕಾಗದದ ಟ್ರೇಯಲ್ಲಿ, ಹಳೆಯ ಬಿಲ್‌ಗಳ ಅಡಿಯಲ್ಲಿ, ಅನುಮತಿ ಪತ್ರವೂ ಸಿಕ್ಕಿತು. ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಲು ರಾತ್ರಿ ಒಂಬತ್ತರಿಂದ ಹೆಚ್ಚುವರಿ ಕೆಲಸ ಎಂದು ಅದರಲ್ಲಿ ಬರೆದಿತ್ತು.

ಬಾಗಿಲು ತೆರೆದಳು. ಕ್ಷಮೆ ಕೇಳಬೇಕೇ? ತಪ್ಪು ತನ್ನದಲ್ಲವಲ್ಲ... ಯೋಚಿಸುವಷ್ಟರಲ್ಲಿ ಅವನೇ ಕ್ಯಾಮರಾಗೆ ಕೈ ಮುಗಿದು ನೀರಿಗೆ ಹೋಗಿದ್ದ.

ಆದರೆ ಆ ಎರಡು ಗಂಟೆ ಐದು ನಿಮಿಷ ಅವಳನ್ನು ಬಿಡಲಿಲ್ಲ. ಒಂಬತ್ತರಿಂದಲೂ ಕ್ಯಾಮರಾಗೆ ಕಾಣದ ಮೂಲೆಯಲ್ಲಿ ಕೂತಿದ್ದವನು ಗಸ್ತಿನವರ ಕಣ್ಣಿಗೂ ಯಾಕೆ ಬೀಳಲಿಲ್ಲ? ದಾಖಲೆಯನ್ನು ಹಿಂದಕ್ಕೆ ಸರಿಸುತ್ತ ಹೋದಳು. ಹನ್ನೊಂದು ಮಹಡಿ, ಹನ್ನೊಂದು ಬಿಲ್ಲೆ. ಒಂದೊಂದಕ್ಕೂ ಒಂದೊಂದು ನಿಮಿಷ. ಅಷ್ಟು ಅಚ್ಚುಕಟ್ಟಾಗಿ ಮೆಟ್ಟಿಲು ಹತ್ತುವವರು ಭೂಮಿಯ ಮೇಲೆ ಇದ್ದಾರೆಯೇ?

ಗಸ್ತಿನ ಹಿರಿಯ ಗಾರ್ಡ್‌ಗೆ ಎಲ್ಲರೂ ಇಟ್ಟ ಹೆಸರು ಗಡಿಯಾರ ಮಾವ. ಹೊತ್ತು ತಪ್ಪದ ಮನುಷ್ಯ ಎಂದೇ ಆ ಹೆಸರು. ಗೇಟಿನ ಗಾರ್ಡನ್ನು ಪರದೆಗಳ ಮುಂದೆ ಕೂರಿಸಿ, ಕೆಳಗಿನ ಕೋಣೆಗೆ ಹೋಗಿ ಕೇಳಿದಾಗ ಅವರು ಒಂದು ಬಿಸ್ಕತ್ ಡಬ್ಬಿ ಮುಂದಕ್ಕೆ ತಳ್ಳಿದರು. ಹನ್ನೊಂದು ಬಿಲ್ಲೆಗಳೂ ಅದರಲ್ಲಿದ್ದವು. ಗೋಡೆಯಿಂದ ಸ್ಕ್ರೂ ಬಿಚ್ಚಿ ತಂದು, ಕುರ್ಚಿಯಲ್ಲಿ ಕೂತೇ ನಿಮಿಷಕ್ಕೊಂದರಂತೆ ಮುಟ್ಟಿಸುತ್ತಿದ್ದರು. ಎಂಟು ತಿಂಗಳಿಂದ. ಬಿಲ್ಲೆಗಳಿದ್ದ ಮೂಲೆಗಳತ್ತ ಆಗ ಯಾವ ಕ್ಯಾಮರಾವೂ ತಿರುಗಿರಲಿಲ್ಲ.

"ಮಂಡಿ ನೋವು, ತಾಯಿ," ಅಂದರು. "ಮೂರನೇ ಮಹಡಿ ಆದ್ಮೇಲೆ ಜೀವ ಬಾಯಿಗೆ ಬರುತ್ತೆ."

"ಬೆಳಗಾಗೋದರೊಳಗೆ ಇವೆಲ್ಲ ಗೋಡೆ ಮೇಲಿರಬೇಕು ಮಾವ. ಇನ್ಮೇಲೆ ಕೆಳಗಿನ ಐದು ನಿಮ್ಮದು. ಮೇಲಿನ ಆರು ನನ್ನದು. ನಾನು ಹೋದಾಗ ನೀವು ಪರದೆ ಮುಂದೆ ಕೂತಿರಿ."

"ಬರೀತೀಯಾ ಇದನ್ನ?"

ಅವಳು ಬರೆದಳು. ಆರನೇ ಮಹಡಿಯ ಗಸ್ತು ನಡೆದಿರಲಿಲ್ಲ, ಬಿಲ್ಲೆಗಳು ಬಿಸ್ಕತ್ ಡಬ್ಬಿಯಲ್ಲಿದ್ದವು ಎಂದೂ ಬರೆದಳು, ಸಾಲದ ಕಚೇರಿಯ ಸಿಬ್ಬಂದಿಯ ಬಳಿ ಗುರುತಿನ ಚೀಟಿ ಇರಲಿಲ್ಲ ಎಂದೂ ಬರೆದಳು. ಕಂಡದ್ದನ್ನು ಬರೆಯದೆ ಬಿಡುವುದು ಅವಳಿಗೆ ಗೊತ್ತಿರಲಿಲ್ಲ. ಮಾವನ ಮೂರು ದಿನದ ಸಂಬಳ ಹೋಯಿತು. ಸಾಲದ ಕಚೇರಿಯವನಿಗೆ ಎಚ್ಚರಿಕೆ ಪತ್ರ ಹೋಯಿತು. ಮಾವ ಒಂದು ವಾರ ಮುಖ ತಿರುಗಿಸಿಕೊಂಡಿದ್ದು, ಎಂಟನೇ ದಿನ ಏನೂ ಆಗದವರಂತೆ ಚಹಾ ತಂದಿಟ್ಟರು.

ಸಾಲದ ಕಚೇರಿಯವನ ಮುಖ ಅವಳು ಮತ್ತೆ ನೋಡಿದ್ದು ಹದಿನೈದು ದಿನದ ಮೇಲೆ. ಹಗಲಲ್ಲಿ. ಕೈಯಲ್ಲಿ ಸಾಲದ ಅರ್ಜಿ ಹಿಡಿದುಕೊಂಡು.

* * *

ಬೇರೆ ಊರಿನ ಹೆಸರಾಂತ ಸಂಸ್ಥೆಯೊಂದರಲ್ಲಿ ಭದ್ರತಾ ಅಧ್ಯಯನದ ಪದವಿಗೆ ಅವಳಿಗೆ ಸೀಟು ಸಿಕ್ಕಿತ್ತು. ಎರಡು ವರ್ಷ. ಹಗಲು ನಿದ್ದೆ ಬಾರದಾಗ ಓದಲು ಶುರುಮಾಡಿದ ಪುಸ್ತಕಗಳು ಪ್ರವೇಶ ಪರೀಕ್ಷೆಯಲ್ಲಿ ಅವಳನ್ನು ಒಂಬತ್ತನೇ ಸ್ಥಾನಕ್ಕೆ ಏರಿಸಿದ್ದವು. ಹಣ ಕಟ್ಟಲು ತಿಂಗಳ ಕೊನೆಯವರೆಗೆ ಗಡುವು. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಇಸ್ತ್ರಿ ಮಾಡಿ ಕಟ್ಟಿಸಿದ ಎರಡು ಕೋಣೆಯ ಮನೆಯೇ ಅಡಮಾನ.

ಆರನೇ ಮಹಡಿಯಲ್ಲಿ ಟೋಕನ್ ತೋರಿಸಿದ ಮೇಜಿನ ಹಿಂದೆ ಅವನೇ ಕೂತಿದ್ದ.

ಅವಳು ಬಾಯಿ ತೆರೆದು "ನಮಸ್ಕಾರ" ಎಂದ ಕೂಡಲೇ ಅವನು ತಲೆ ಎತ್ತಿದ. ಮುಖ ಎಂದೂ ನೋಡಿರದಿದ್ದರೂ ದನಿ ಹಿಡಿದುಬಿಟ್ಟ. ತುಟಿಯಂಚಿನಲ್ಲಿ ನಗು ಬಂತು. "ಕೂತ್ಕೊಳ್ಳಿ. ಗುರುತಿನ ಚೀಟಿ ತಂದಿದ್ದೀರಾ?"

ಅವಳಿಗೆ ನಗು ಬರಲಿಲ್ಲ. ಎಚ್ಚರಿಕೆ ಪತ್ರ ಹೋದದ್ದು ತನ್ನ ಬರಹದಿಂದ ಎಂದು ಅವಳಿಗೆ ಗೊತ್ತಿತ್ತು.

ಅವನು ಅರ್ಜಿ ಓದಿದ. ಸಂಸ್ಥೆಯ ಹೆಸರು ಬಂದಾಗ ಅವನ ಪೆನ್ನು ನಿಂತಿತು. ಅರ್ಜಿಯ ಜೊತೆಗಿದ್ದ ಹೊಳೆಯುವ ಕಾಗದದ ಮಾಹಿತಿ ಪುಸ್ತಕವನ್ನು ತಿರುವಿ, ಕೊನೆಯ ಪುಟದ ಒಂದು ಅಂಕಿಯನ್ನು ದಿಟ್ಟಿಸಿದ. ಪದವೀಧರರ ಸರಾಸರಿ ಸಂಬಳ ಅರವತ್ತೆರಡು ಸಾವಿರ.

ಆಮೇಲೆ ಒಂದು ಬಿಳಿ ಹಾಳೆ ಎಳೆದುಕೊಂಡು ಗೆರೆ ಹಾಕಿದ. ಶುಲ್ಕ, ಹಾಸ್ಟೆಲ್ ಸೇರಿ ಒಂಬತ್ತು ಲಕ್ಷ. ಓದು ಮುಗಿಯುವಷ್ಟರಲ್ಲಿ ಬಡ್ಡಿ ಕೂಡಿ ಹತ್ತು. ಏಳು ವರ್ಷ, ತಿಂಗಳಿಗೆ ಹದಿನೇಳು ಸಾವಿರದ ಕಂತು. ಹೊಸಬರಿಗೆ ನಿಜವಾಗಿ ಸಿಗುವ ಸಂಬಳ ಇಪ್ಪತ್ತೆಂಟು ಸಾವಿರ.

"ನಿಮಗೀಗ ಎಷ್ಟು ಬರುತ್ತೆ?"

"ಹದಿನಾರು."

"ಓದಿದ ಮೇಲೆ ಕಂತು ಕಟ್ಟಿ ಕೈಯಲ್ಲಿ ಉಳಿಯೋದು ಹನ್ನೊಂದು. ಈಗಿನದಕ್ಕಿಂತ ಐದು ಸಾವಿರ ಕಮ್ಮಿ. ಎರಡು ವರ್ಷ ಸಂಬಳ ಇಲ್ಲದೆ ಇರೋದನ್ನ ನಾನಿನ್ನೂ ಲೆಕ್ಕಕ್ಕೇ ತಗೊಂಡಿಲ್ಲ."

"ಇಪ್ಪತ್ತೆಂಟು ಅಂತ ನಿಮಗೆ ಯಾರು ಹೇಳಿದ್ದು? ಪುಸ್ತಕದಲ್ಲಿ ಅರವತ್ತೆರಡು ಅಂತಿದೆ."

"ಆ ಪುಸ್ತಕ ಸೀಟು ಮಾರೋಕೆ ಮಾಡಿರೋದು."

ಅವನ ದನಿ ಇದ್ದಕ್ಕಿದ್ದಂತೆ ಗಡುಸಾಗಿತ್ತು. ಅರ್ಜಿಯ ಮೇಲೆ 'ಮರುಪರಿಶೀಲನೆಗೆ ವಾಪಸ್' ಎಂದು ಬರೆದು, ಅವಳತ್ತ ಸರಿಸಿದ. "ಇದಕ್ಕೆ ನಾನು ಸಹಿ ಹಾಕಲ್ಲ. ಬೇರೆ ದಾರಿ ನೋಡಿ."

ಅವಳ ಕಿವಿ ಬಿಸಿಯಾಯಿತು. ಪಕ್ಕದ ಮೇಜಿನವರು ಕತ್ತು ಹೊರಳಿಸಿ ನೋಡುತ್ತಿದ್ದರು. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಅವಳು ತಲೆ ತಗ್ಗಿಸಿ ಎದ್ದು ಹೋಗುತ್ತಿದ್ದಳು. ಇವತ್ತು ಕಾಲು ಏಳಲಿಲ್ಲ.

"ಮೂವತ್ತೆಂಟು ನಿಮಿಷಕ್ಕೆ ಇದು ಉತ್ತರಾನಾ?"

ಅವನು ತಬ್ಬಿಬ್ಬಾದ. "ಏನು?"

"ಕಾವಲು ಕಾಯೋಳಿಗೆ ಪದವಿ ಯಾಕೆ ಅಂತ ನೇರವಾಗಿ ಹೇಳಿ. ಕೇಳಿ ಅಭ್ಯಾಸ ಇದೆ. ಆದ್ರೆ ನನ್ನ ಬೆಲೆ ಎಷ್ಟು ಅಂತ ನಿಮ್ಮ ಬಿಳಿ ಹಾಳೇಲಿ ಬರೀಬೇಡಿ. ಅದನ್ನ ನಾನು ಬರೀತೀನಿ."

ಹಾಳೆಯನ್ನೂ ಅರ್ಜಿಯನ್ನೂ ಬಾಚಿಕೊಂಡು ಹೊರಬಂದಳು. ಲಿಫ್ಟಿನೊಳಗೆ ನಿಂತು ಆ ಹಾಳೆಯನ್ನು ನಾಲ್ಕಾಗಿ ಮಡಿಸಿದಳು.

* * *

ಮನೆಯಲ್ಲಿ ಅಮ್ಮ ಮನೆಪತ್ರವನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು, ಮಡಿಕೆಗಳನ್ನು ಅಂಗೈಯಿಂದ ಒತ್ತಿ ನೇರ ಮಾಡುತ್ತಿದ್ದಳು. ಇಸ್ತ್ರಿಯ ಕೈ. ಕಾಗದ ಸಿಕ್ಕರೂ ಸುಕ್ಕು ತೆಗೆಯುವ ಕೈ.

ಬಾಡಿಗೆ ವ್ಯಾನ್ ಓಡಿಸುವ ಅಣ್ಣ ಊಟದ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. ರಾತ್ರಿಯೆಲ್ಲ ಎಚ್ಚರವಿರುವ ತಂಗಿಯನ್ನು ಅವನು ಕರೆಯುತ್ತಿದ್ದದ್ದೇ ಗೂಬೆ ಎಂದು.

"ಏನಾಯ್ತೇ ಗೂಬೆ? ಕೊಟ್ರಾ?"

"ಇಲ್ಲ."

"ಅಬ್ಬಾ, ಆ ಮನುಷ್ಯನಿಗೆ ದೇವರು ಒಳ್ಳೇದು ಮಾಡಲಿ. ಮೊಬೈಲಲ್ಲಿ ಸಿನಿಮಾ ನೋಡ್ಕೊಂಡು ಮಾಡೋ ಕೆಲಸಕ್ಕೆ ಒಂಬತ್ತು ಲಕ್ಷ ಸುರಿದು ಓದಬೇಕಾ?"

"ನಾನು ಪಾಳಿಯಲ್ಲಿ ಮೊಬೈಲ್ ಮುಟ್ಟಲ್ಲ ಅಣ್ಣ."

"ಅದೇ ನಿನ್ನ ತೊಂದರೆ."

ಅಮ್ಮ ನಗಲಿಲ್ಲ. "ಬೇರೆ ಬ್ಯಾಂಕ್ ಇರುತ್ತಲ್ಲ," ಎಂದಳು. "ನಾಳೆ ನಾನೂ ಬರ್ತೀನಿ. ಮನೆ ನನ್ನದು. ನನ್ನ ಮಗಳಿಗಲ್ಲದೆ ಇನ್ಯಾತಕ್ಕೆ?"

ಆ ಮಾತು ಅವಳನ್ನು ಸಂತೋಷಪಡಿಸಬೇಕಿತ್ತು. ಬದಲಿಗೆ ಅವಳು ಮಡಿಕೆ ಒತ್ತುತ್ತಿದ್ದ ಆ ಕೈಯನ್ನೇ ನೋಡಿದಳು. ಅಮ್ಮನ ಇಪ್ಪತ್ತೆರಡು ವರ್ಷ ಆ ಹಾಳೆಯ ಮೇಲಿತ್ತು. ಅವನ ಲೆಕ್ಕ ಸುಳ್ಳಾಗಿದ್ದರೆ ಸರಿ... ನಿಜವಾಗಿದ್ದರೆ?

ಅವನನ್ನು ಸುಳ್ಳು ಮಾಡಬೇಕು. ಅಂಕಿಗಳನ್ನು ಅವನ ಮೇಜಿನ ಮೇಲೆ ಎಸೆಯಬೇಕು. ಆ ಹಟದಲ್ಲೇ ಅವಳು ಮಾಹಿತಿ ಪುಸ್ತಕ ಬಿಡಿಸಿ ಕೂತಳು. ಕೊನೆಯ ಪುಟದಲ್ಲಿ ಹಿಂದಿನ ವಿದ್ಯಾರ್ಥಿಗಳ ಫೋಟೊಗಳು, ಕೆಳಗೆ ಅವರ ಹುದ್ದೆಗಳು. ಎಲ್ಲರೂ ನಗುತ್ತಿದ್ದರು. ಎಷ್ಟು ಅಚ್ಚುಕಟ್ಟು...

ಅಚ್ಚುಕಟ್ಟು ಎಂಬ ಮಾತು ಮನಸ್ಸಿನಲ್ಲಿ ಬಂದ ಕೂಡಲೇ ಬಿಸ್ಕತ್ ಡಬ್ಬಿ ಕಣ್ಣ ಮುಂದೆ ಬಂತು. ಕುರ್ಚಿಯಲ್ಲಿ ಕೂತೇ ಹನ್ನೊಂದು ಮಹಡಿ ನೋಡಿದೆ ಎಂದ ಮಾವ. ಕುರ್ಚಿಯಲ್ಲಿ ಕೂತೇ ಪುಸ್ತಕ ನೋಡಿ ಅಮ್ಮನ ಮನೆ ಇಡಲು ಹೊರಟ ತಾನು. ವ್ಯತ್ಯಾಸ ಏನು?

ನಡೆದು ಹೋಗಿ ಮುಟ್ಟಬೇಕು. ಒಂದೊಂದನ್ನೂ.

ಹನ್ನೊಂದು ಜನರನ್ನು ಹುಡುಕಿದಳು. ಫೋಟೊದಲ್ಲಿದ್ದ ನಾಲ್ವರು ಸಿಕ್ಕಿದರು. ಅವರು ಮೊದಲೇ ಪೊಲೀಸ್ ಮತ್ತು ಸೇನೆಯಲ್ಲಿ ಅಧಿಕಾರಿಗಳಾಗಿದ್ದವರು. ಪದವಿಗೆ ಬರುವ ಮುಂಚೆಯೇ ಎಂಬತ್ತು, ತೊಂಬತ್ತು ಸಾವಿರ ಸಂಬಳ. ಅರವತ್ತೆರಡರ ಸರಾಸರಿ ಎಲ್ಲಿಂದ ಬಂತು ಎಂದು ಆ ನಾಲ್ಕನೇ ಕರೆಗೇ ತಿಳಿದುಹೋಯಿತು. ಉಳಿದವರ ನಂಬರುಗಳು ಒಬ್ಬರಿಂದ ಒಬ್ಬರಿಗೆ ಸಿಕ್ಕವು. ಒಬ್ಬಳಿಗೆ ಇಪ್ಪತ್ತಾರು, ಒಬ್ಬನಿಗೆ ಇಪ್ಪತ್ತೊಂಬತ್ತು. ಒಬ್ಬನು ಅಪ್ಪನ ಅಂಗಡಿಯಲ್ಲಿ ಕೂತಿದ್ದ. ಒಬ್ಬಳು ಮಾತ್ರ ವಿಮಾನ ನಿಲ್ದಾಣದಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದಳು. ಓದು ಬಂಗಾರ ಕಣ್ರೀ, ಆದರೆ ನನ್ನ ಶುಲ್ಕ ನಮ್ಮ ಮಾವ ಕಟ್ಟಿದ್ದು, ಸಾಲ ಮಾಡಿದ್ದರೆ ಹೀಗೆ ನಗುತ್ತಿದ್ದೆನೋ ಇಲ್ಲವೋ ಎಂದಳು.

ಹತ್ತನೆಯವನು ಕೊನೆಯಲ್ಲಿ ಹೇಳಿದ, "ನಮ್ಮ ಪಂಡಿತನ್ನ ಕೇಳಿ. ಚಿನ್ನದ ಪದಕದವನು. ಅವನಿಗಿಂತ ಚೆನ್ನಾಗಿ ಈ ವಿಷಯ ಹೇಳೋರು ಯಾರೂ ಇಲ್ಲ." ಹೆಸರು ಕೇಳುವ ಮುಂಚೆ ನಂಬರು ಕೊಟ್ಟು ಇಟ್ಟುಬಿಟ್ಟ.

ಹನ್ನೊಂದನೆಯ ಕರೆ.

ಅವತ್ತು ಪಾಳಿಗೆ ಮುಂಚೆ ಬಂದಿದ್ದಳು. ಅವಳ ಸರದಿ ಶುರುವಾಗಲು ಇನ್ನೂ ಕಾಲು ಗಂಟೆ ಇತ್ತು. ಪರದೆಗಳ ಮುಂದೆ ಸಂಜೆ ಪಾಳಿಯವನು ಆಕಳಿಸುತ್ತಿದ್ದ. ಹಿಂದಿನ ಬೆಂಚಿನಲ್ಲಿ ಕೂತು ನಂಬರು ಒತ್ತಿದಳು. ರಿಂಗಾಯಿತು.

ಹದಿನಾಲ್ಕನೇ ಪರದೆಯಲ್ಲಿ, ಗಾಜಿನ ಗೋಡೆಯಾಚೆ ಕಡತಗಳ ನಡುವೆ ಕೂತಿದ್ದವನು ಜೇಬಿಗೆ ಕೈ ಹಾಕಿದ. ಫೋನು ತೆಗೆದು ನೋಡಿದ. ಕಿವಿಗಿಟ್ಟುಕೊಂಡ.

"ಹಲೋ?"

ಬಾಯಿ ಅಲ್ಲಿ ಅಲುಗಿತು. ದನಿ ಇಲ್ಲಿ ಕೇಳಿತು.

ಇಟ್ಟುಬಿಡಲೇ? ಬೆರಳು ಗುಂಡಿಯ ಮೇಲಿತ್ತು. ಆದರೆ ಹತ್ತು ಮುಟ್ಟಿ ಹನ್ನೊಂದನೆಯದನ್ನು ಬಿಡುವುದೇ? ದನಿ ತಗ್ಗಿಸಿ, ಬಾಯಿಗೆ ದುಪಟ್ಟಾದ ಅಂಚು ಹಿಡಿದು, ಆ ಸಂಸ್ಥೆಯ ಪದವಿಯ ಬಗ್ಗೆ ಕೇಳಬೇಕಿತ್ತು ಎಂದಳು.

ಪರದೆಯಲ್ಲಿ ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ.

"ಪದವಿ ಕೆಟ್ಟದ್ದಲ್ಲ," ಎಂದ. "ಅಲ್ಲಿ ಕಲಿತದ್ದು ಇವತ್ತಿಗೂ ನನಗೆ ಇಷ್ಟ. ನಾನು ಲೆಕ್ಕ ಹಾಕದೆ ಹೋದೆ, ಅದು ಕೆಟ್ಟದ್ದು. ಅಪ್ಪ ಮನೆಪತ್ರ ಇಟ್ಟರು. ಚಿನ್ನದ ಪದಕ ಬಂತು, ಕೆಲಸ ಇಪ್ಪತ್ತೆಂಟು ಸಾವಿರದ್ದು ಬಂತು. ಮೂರನೇ ವರ್ಷ ಮನೆ ಹೋಯ್ತು. ಅಪ್ಪ ಇವತ್ತಿನವರೆಗೂ ಒಂದು ಮಾತು ಅಂದಿಲ್ಲ. ಅಂದಿದ್ರೆ ಚೆನ್ನಾಗಿತ್ತು."

ಅವಳು ದುಪಟ್ಟಾದ ಅಂಚನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಮೊನ್ನೆ ಒಬ್ಬರು ಬಂದಿದ್ರು," ಅವನೇ ಮುಂದುವರಿಸಿದ. "ಅದೇ ಪುಸ್ತಕ, ಅದೇ ಅರವತ್ತೆರಡು. ನನಗೆ ಅಪ್ಪನ ಮುಖ ನೆನಪಾಯ್ತು, ಒರಟಾಗಿ ವಾಪಸ್ ಕಳಿಸಿಬಿಟ್ಟೆ. ನನ್ನ ಕಥೆ ಹೇಳೋಕೆ ನಾಚಿಕೆ ಆಯ್ತು. ಸೇಡು ತೀರಿಸ್ಕೊಂಡೆ ಅಂತ ಅವರು ಅಂದ್ಕೊಂಡಿದ್ದಾರೆ. ಅವರಷ್ಟು ಚೆನ್ನಾಗಿ ಕಾವಲು ಕಾಯೋರನ್ನ ನಾನು ನೋಡಿಲ್ಲ ಗೊತ್ತಾ? ಅವರು ಓದ್ಲೇಬೇಕು. ಅಮ್ಮನ ಮನೆ ಇಟ್ಟು ಮಾತ್ರ ಬೇಡ."

ಅವಳು ದುಪಟ್ಟಾ ಬಾಯಿಂದ ತೆಗೆದಳು.

"ಕ್ಯಾಮರಾ ಕಡೆ ನೋಡಿ."

ಪರದೆಯಲ್ಲಿ ಅವನು ಕಲ್ಲಾದ. ನಿಧಾನಕ್ಕೆ ತಲೆ ಎತ್ತಿದ. ಕನ್ನಡಕವಿಲ್ಲದ ಬರಿ ಕಣ್ಣುಗಳು ನೇರ ಅವಳನ್ನೇ ನೋಡಿದವು. ಎಂಟು ವರ್ಷದವನಂತೆ ಕಂಡ, ಏನೋ ಒಡೆದು ಸಿಕ್ಕಿಬಿದ್ದವನಂತೆ.

"ನೀವಾ..."

"ಸೇಡು ಅಲ್ಲ ಅಂತ ಅವತ್ತೇ ಹೇಳಬಹುದಿತ್ತು."

"ಅವತ್ತು ನೀವು ಕೇಳೋ ಹಾಗಿರಲಿಲ್ಲ."

ಅದೂ ನಿಜವೇ. ಸಂಜೆ ಪಾಳಿಯವನು ತಿರುಗಿ ನೋಡಿದಾಗ ಅವಳು ಕಣ್ಣಲ್ಲಿ ಧೂಳು ಬಿತ್ತು ಎಂದಳು.

* * *

ಅವನು ಹೇಳಿದ್ದು ನಿಜ ಎಂದ ಮಾತ್ರಕ್ಕೆ ಓದು ಬಿಡಬೇಕೆಂದು ಎಲ್ಲಿ ಬರೆದಿದೆ? ಗಡುವಿಗೆ ಆರು ದಿನ ಇರುವಾಗ ಅವಳು ಹೆಸರಾಂತ ಸಂಸ್ಥೆಗೆ ಸೀಟು ಬೇಡ ಎಂದು ಪತ್ರ ಬರೆದಳು. ಬರೆಯುವಾಗ ಅತ್ತಳು. ಅಂಚೆಗೆ ಹಾಕಿ ಬರುವಾಗ ಅಳಲಿಲ್ಲ. ಅದೇ ದಿನ ಊರಿನ ಸರ್ಕಾರಿ ಕಾಲೇಜಿಗೆ ನಡೆದು ಹೋದಳು. ಅಲ್ಲಿ ಅದೇ ವಿಷಯದ ಸಂಜೆ ತರಗತಿ ಇದೆ ಎಂದು ಏಳನೇ ಕರೆಯಲ್ಲಿ ಗೊತ್ತಾಗಿತ್ತು. ಹೊಳೆಯುವ ಪುಸ್ತಕ ಇರಲಿಲ್ಲ. ಬೋರ್ಡಿಗೆ ಅಂಟಿಸಿದ ಒಂದು ಹಾಳೆ ಇತ್ತು. ಮೂರು ವರ್ಷ, ಐದರಿಂದ ಎಂಟು ಗಂಟೆ, ಒಟ್ಟು ಒಂದು ಲಕ್ಷ ಎಂಬತ್ತು ಸಾವಿರ. ಪಾಳಿ ಒಂಬತ್ತಕ್ಕೆ. ಕೆಲಸ ಬಿಡಬೇಕಿಲ್ಲ.

ಮರುದಿನ ತನ್ನ ಭದ್ರತಾ ಕಂಪನಿಯ ವ್ಯವಸ್ಥಾಪಕರ ಮುಂದೆ ನಿಂತಳು. ಕಂಪನಿ ಕಟ್ಟಡದ ಮಾಲೀಕರ ಜೊತೆ ಮಾಡಿಕೊಂಡು ನಿಗಾ ಕೊಠಡಿಯ ಗೋಡೆಗೆ ಮೂರು ವರ್ಷದಿಂದ ತೂಗುಹಾಕಿದ್ದ ಒಪ್ಪಂದವನ್ನು ಓದಿದವಳು ಅವಳೊಬ್ಬಳೇ ಇರಬೇಕು. ಪ್ರತಿ ಕಟ್ಟಡಕ್ಕೂ ಒಬ್ಬ ಪದವೀಧರ ಮೇಲ್ವಿಚಾರಕ ಇರತಕ್ಕದ್ದು ಎಂದು ಅದರ ಹದಿನೇಳನೇ ಸಾಲು.

"ಹೊರಗಿನಿಂದ ತಂದರೆ ನಲವತ್ತು ಸಾವಿರ ಕೊಡ್ಬೇಕು ಸರ್. ನನ್ನ ಅರ್ಧ ಶುಲ್ಕ ನೀವು ಕಟ್ಟಿ. ಓದು ಮುಗಿದ ಮೇಲೆ ಮೂವತ್ತೈದಕ್ಕೆ ನಾನೇ ಮಾಡ್ತೀನಿ."

ಅವರು ನಕ್ಕರು. ಓದು ಮುಗಿಸಿ ಬೇರೆ ಕಡೆ ಹಾರಿಹೋದರೆ ಎಂದು ಕೇಳಿದರು. ಎರಡು ವರ್ಷ ಇರುತ್ತೇನೆ, ಬರೆದುಕೊಡುತ್ತೇನೆ ಎಂದಳು. ಐದು ವರ್ಷ ಎಂದರು. ಎರಡು ಎಂದಳು. ನಾಲ್ಕು ಎಂದರು.

"ಎರಡು ಸರ್. ನಿಮ್ಮ ಹದಿನೇಳನೇ ಸಾಲು ಮೂರು ವರ್ಷದಿಂದ ಖಾಲಿ ಇದೆ. ನನಗೆ ಕಾಯೋಕೆ ಬರುತ್ತೆ. ಕಟ್ಟಡದ ಮಾಲೀಕರಿಗೆ ಬರುತ್ತೋ ಇಲ್ವೋ ಗೊತ್ತಿಲ್ಲ."

ಅವರ ನಗು ನಿಂತಿತು. ಹೊರಬರುವಾಗ ಅವಳ ಕೈಯಲ್ಲಿ ಎರಡು ವರ್ಷದ ಕರಾರು ಇತ್ತು, ಬೆನ್ನು ಬೆವರಿನಿಂದ ಒದ್ದೆಯಾಗಿತ್ತು.

ಅಮ್ಮನ ಮನೆಪತ್ರವನ್ನು ಅವಳೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಪೆಟ್ಟಿಗೆಯ ತಳಕ್ಕೆ ಇಟ್ಟಳು. ಅಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಸಂಜೆ ಕಾಲೇಜಿಂದ ಕಟ್ಟಡಕ್ಕೆ ವ್ಯಾನಲ್ಲಿ ಬಿಡ್ತೀನಿ," ಎಂದ. "ಬಾಡಿಗೆ ಓದು ಮುಗಿದ ಮೇಲೆ ಕೊಡು, ಗೂಬೆ."

ಉಳಿದದ್ದು ತೊಂಬತ್ತು ಸಾವಿರದ ಸಾಲ. ಅವಳ ಹೆಸರಿನಲ್ಲಿ. ಅಡಮಾನವಿಲ್ಲದೆ. ಮೂರು ವರ್ಷ, ತಿಂಗಳಿಗೆ ಮೂರು ಸಾವಿರದೊಳಗೆ. ತನ್ನದೇ ಬಿಳಿ ಹಾಳೆಯಲ್ಲಿ, ತನ್ನದೇ ಗೆರೆ ಎಳೆದು, ಅವನ ಮೇಜಿನ ಮೇಲಿಟ್ಟಳು.

ಅವನು ಎರಡು ಸಲ ಓದಿದ. ಒಂದು ಅಂಕಿಯನ್ನೂ ತಿದ್ದಲಿಲ್ಲ. ಪೆನ್ನು ಎತ್ತಿದ. ಮತ್ತೆ ಇಟ್ಟ.

"ನಾನು ಇದಕ್ಕೂ ಸಹಿ ಹಾಕೋಕಾಗಲ್ಲ."

ಅವಳ ಹುಬ್ಬು ಗಂಟಿಕ್ಕಿತು. "ಈಗೇನು ತಪ್ಪಿದೆ?"

"ತಪ್ಪಿಲ್ಲ. ಪಕ್ಕದ ಮೇಜಿಗೆ ಕೊಡಿ, ಐದು ನಿಮಿಷದಲ್ಲಿ ಆಗುತ್ತೆ." ಅವನು ಧ್ವನಿ ತಗ್ಗಿಸಿದ. ಕಿವಿಗಳು ಕೆಂಪಾಗಿದ್ದವು. "ನಮ್ಮಲ್ಲೊಂದು ನಿಯಮ ಇದೆ. ಅರ್ಜಿ ಹಾಕಿದವರು ಅಧಿಕಾರಿಗೆ ತುಂಬ ಬೇಕಾದವರಾದ್ರೆ, ಆ ಅಧಿಕಾರಿ ಸಹಿ ಹಾಕೋ ಹಾಗಿಲ್ಲ."

ಅವಳಿಗೆ ಅರ್ಥವಾಗಲು ಎರಡು ಕ್ಷಣ ಬೇಕಾಯಿತು.

ಆಮೇಲೆ ಅರ್ಜಿ ಎತ್ತಿಕೊಂಡು ಪಕ್ಕದ ಮೇಜಿಗೆ ಹೋದಳು. ಐದು ನಿಮಿಷವಲ್ಲ, ಏಳು ನಿಮಿಷ ಹಿಡಿಯಿತು. ಆ ಏಳು ನಿಮಿಷವೂ ಅವನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಮುಖ ಎಲ್ಲವನ್ನೂ ಹೇಳಿಬಿಡುತ್ತಿತ್ತು.

* * *

ಅವತ್ತು ರಾತ್ರಿ. ಎರಡು ಗಂಟೆ ಹತ್ತು ನಿಮಿಷ.

ಟಕ್.

ಹದಿನಾಲ್ಕನೇ ಪರದೆಯಲ್ಲಿ ಅವನು ಓಣಿಗೆ ಬಂದು ನಿಂತಿದ್ದ. ಕೈಯಲ್ಲಿ ನೀರಿನ ಬಾಟಲಿ. ಅದು ತುಂಬಿತ್ತು.

ಅವಳ ಎರಡು ಬೆರಳು ಎರಡು ಗುಂಡಿಗಳನ್ನು ಒತ್ತಿದವು.

"ಗುರುತಿನ ಚೀಟಿ ತೋರಿಸಿ."

"ಮೇಜಿನ ಮೇಲೆ ಬಿಟ್ಟು ಬಂದಿದ್ದೀನಿ."

"ಬೇಕಂತಲೇ?"

"ಬೇಕಂತಲೇ."

"ಇನ್ನೊಂದು ಎಚ್ಚರಿಕೆ ಪತ್ರ ಬರುತ್ತೆ."

"ಬರಲಿ." ಗೋಡೆಗೆ ಒರಗಿ ಕೂತ. "ಒಂದು ಮಾತು ಹೇಳಿಬಿಡ್ತೀನಿ, ಆಮೇಲೆ ಬಾಗಿಲು ತೆಗೀರಿ. ಮನೆ ಹೋದ ಮೇಲೂ ನನ್ನ ಹೆಸರಲ್ಲಿ ಇನ್ನೂ ನಾಲ್ಕು ವರ್ಷ ಮೂರು ತಿಂಗಳ ಕಂತಿದೆ. ಅಪ್ಪ ಬಾಡಿಗೆ ಮನೇಲಿದ್ದಾರೆ. ಇದನ್ನೆಲ್ಲ ಮುಂದಿಟ್ಕೊಂಡು ನೋಡಿದ್ರೆ, ನನ್ನ ಅರ್ಜಿಯನ್ನ ನಾನೇ ವಾಪಸ್ ಕಳಿಸಬೇಕು."

ಇಷ್ಟು ದಿನ ಎಷ್ಟೋ ಜನ ಅವಳ ಪರವಾಗಿ ತೀರ್ಮಾನ ಮಾಡಿದ್ದರು. ಅಣ್ಣ, ವ್ಯವಸ್ಥಾಪಕರು, ಹೊಳೆಯುವ ಪುಸ್ತಕ. ಈಗ ಇವನೂ.

"ವಾಪಸ್ ಕಳಿಸೋಕೆ ನೀವ್ಯಾರು?" ಎಂದಳು. "ಅರ್ಜಿ ಬಂದಿರೋದು ನನ್ನ ಮೇಜಿಗೆ."

ಅವನು ಮೇಲೆ ನೋಡಿದ.

"ನಿಮ್ಮ ಕಂತು ನಿಮ್ಮದು, ನನ್ನದು ನನ್ನದು. ಸಾಲಕ್ಕೆ ಹೆದರಿ ಓದು ಬಿಡಲಿಲ್ಲ ನಾನು. ಇದನ್ನ ಬಿಡ್ತೀನಾ?"

ಅವನು ಬಾಟಲಿಯನ್ನು ನೆಲಕ್ಕಿಟ್ಟ. ಆಮೇಲೆ ತೀರ ಮೆಲ್ಲಗೆ, "ಹಾಗಾದ್ರೆ... ಒಪ್ಪಿಗೆ ಆಯ್ತಾ?"

"ಪರಿಶೀಲಿಸಿದೆ. ಎಲ್ಲ ಸರಿಯಿದೆ."

ಅವನು ನಕ್ಕ. ಕನ್ನಡಕ ತೆಗೆದು ಒರೆಸಿಕೊಂಡ. ಒರೆಸಿದ್ದು ಕನ್ನಡಕವನ್ನಷ್ಟೇ ಅಲ್ಲ ಎಂದು ಅವಳಿಗೆ ಕಂಡಿತು.

"ಎಷ್ಟು ಹೊತ್ತು ಕೂಡಿಹಾಕ್ತೀಯ ಈ ಸಲ?" ಅವನು ಕೇಳಿದ. ಮೊದಲ ಸಲ ಏಕವಚನ. ಅವಳಿಗೆ ಬೇಜಾರಾಗಲಿಲ್ಲ.

"ನೀರು ತಂದಿದ್ದೀಯಲ್ಲ. ಕೂತಿರು."

ಮಾತು ಮುಗಿದ ಮೇಲೆಯೇ ಅವಳು ಗಡಿಯಾರ ನೋಡಿದ್ದು. ಎರಡು ಗಂಟೆ ಹದಿನಾಲ್ಕು ನಿಮಿಷ. ನಾಲ್ಕು ನಿಮಿಷ... ಹದಿನಾರು ಪರದೆಗಳಲ್ಲಿ ಹದಿನೈದನ್ನು ನಾಲ್ಕು ನಿಮಿಷ ಅವಳು ನೋಡಿರಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ.

ಗಾಬರಿಯಿಂದ ಒಂದೊಂದಾಗಿ ಎಲ್ಲವನ್ನೂ ಹಿಂದಕ್ಕೆ ಓಡಿಸಿ ನೋಡಿದಳು. ಖಾಲಿ ಮೆಟ್ಟಿಲು, ಖಾಲಿ ಓಣಿ, ನಾಲ್ಕನೇ ಮಹಡಿಯಲ್ಲಿ ಮಂಡಿ ಹಿಡಿದುಕೊಂಡು ಬಿಲ್ಲೆ ಮುಟ್ಟಿಸುತ್ತಿದ್ದ ಗಡಿಯಾರ ಮಾವ. ಕಟ್ಟಡಕ್ಕೆ ಏನೂ ಆಗಿರಲಿಲ್ಲ.

ದಾಖಲೆ ಪುಸ್ತಕ ತೆರೆದು ಬರೆದಳು. ಎರಡು ಗಂಟೆ ಹತ್ತು ನಿಮಿಷ. ಆರನೇ ಮಹಡಿ. ಬಾಗಿಲ ಶಬ್ದ. ಅನುಮತಿ ಇರುವ ಸಿಬ್ಬಂದಿ, ಗುರುತಿನ ಚೀಟಿ ಇರಲಿಲ್ಲ.

"ಏನು ಬರೀತಿದ್ದೀಯ?" ಮೈಕಿನಲ್ಲಿ ಅವನ ದನಿ.

"ಆಗಿದ್ದನ್ನ."

"ಎಲ್ಲವನ್ನೂ?"

ಪೆನ್ನು ಒಂದು ಕ್ಷಣ ಕಾಗದದ ಮೇಲೆ ನಿಂತಿತು. ಮಾವನ ಬಿಸ್ಕತ್ ಡಬ್ಬಿಯನ್ನೂ ಬಿಡದೆ ಬರೆದಿದ್ದವಳು, ಪೆನ್ನಿನ ಮುಚ್ಚಳ ಹಾಕಿದಳು. ಆ ನಾಲ್ಕು ನಿಮಿಷದ ವಿಷಯವನ್ನು ಯಾರಿಗೂ ಹೇಳಬಾರದು ಎಂದು ತೀರ್ಮಾನಿಸಿದಳು. ಅಮ್ಮನಿಗೂ, ಮಾವನಿಗೂ.

ಗಾಜಿನ ಬಾಗಿಲ ನಡುವೆ ಕೂತು ಅವಳತ್ತ ನಗುತ್ತಿದ್ದವನಿಗೂ.